ಎರಡನೇ ಬೇಸಿನವರ ಗ್ಲೌಸು

1971ರಲ್ಲಿ, ಏಳನೇ ಕ್ಲಾಸಿಗೇ, ನಾನು ಶಾಲೆ ಬಿಟ್ಟೆ. ಮೈಸೂರಿನ ಬೂಟು ಹೊಲಿಯುವ ಅಂಗಡಿಯಲ್ಲಿ ಅಂದು ಕೈಗೆ ಹತ್ತಿದ ಚರ್ಮದೆಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ಮೊನ್ನೆ ಹೊಸ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆಯ ಜೊತೆಗೇ ಆ ಗ್ಲೌಸಿನವರು ನೆನಪಿಗೆ ಬಂದು ನಿಂತರು...

ತೊಂಬತ್ತರ ದಶಕ. ನರ್ಸ್ ಆಗಿದ್ದ ಅಕ್ಕ ನನ್ನನ್ನು ಅಟ್ಲಾಂಟಾಕ್ಕೆ ಕರೆಸಿಕೊಂಡಿದ್ದಳು. ಅಲ್ಲೂ ನನ್ನದು ಬೂಟು ರಿಪೇರಿಯೇ. ಒಂದು ದಿನ ಕೌಂಟರಿನ ಆಚೆ ನಿಂತವರು ಯಾರೆಂದು ನನಗೊಬ್ಬನಿಗೇ ಗೊತ್ತಿರಲಿಲ್ಲ. ಬೇಸ್‌ಬಾಲಿನಲ್ಲಿ ಹೆಸರು ಮಾಡಿದ ಇನ್‌ಫೀಲ್ಡರ್, ಅಂದರೆ ಬ್ಯಾಟಿಗೆ ಹತ್ತಿರವೇ ನಿಂತು ಚೆಂಡು ತಡೆದು ಎಸೆಯುವವರು ಅವರು. ಕೆರೊಲಿನಾದ ಸಣ್ಣ ತಂಡಗಳಲ್ಲಿ ಹಳೇ ಬಸ್ಸು ಹತ್ತಿ ಊರೂರು ಸುತ್ತಿ ಮೇಲೆ ಬಂದವರು. ತೋಳು ಸೋತಾಗ ಶಾರ್ಟ್‌ಸ್ಟಾಪ್ ಜಾಗ ಬಿಟ್ಟು, ಎಸೆತದ ದೂರ ಕಡಿಮೆಯಿರುವ ಎರಡನೇ ಬೇಸಿಗೆ ಬಂದು ನಿಂತವರು. ಅದು ಅವರ ಕೊನೆಯ ಸೀಸನ್. ಹತ್ತು ವರ್ಷದ ಗ್ಲೌಸು ಕೊಟ್ಟು, “ಲೇಸು ಮಾತ್ರ ಬದಲಾಯಿಸು, ನಾಳೆ ಆಟ ಇದೆ” ಎಂದರು.

ಆ ‘ಮಾತ್ರ’ ನನಗೆ ಕೇಳಿಸಲೇ ಇಲ್ಲ. ಗ್ಲೌಸು ತಟ್ಟೆಯಂತೆ ಚಪ್ಪಟೆಯಾಗಿತ್ತು. ಪಾಪ ಅನ್ನಿಸಿತು. ಹೊಲಿಗೆ ಬಿಚ್ಚಿ, ಹೊಸ ಮೆತ್ತೆ ತುಂಬಿ, ಎಣ್ಣೆ ಹಚ್ಚಿ ಪೂರಿಯ ಹಾಗೆ ಉಬ್ಬಿಸಿದೆ. ಹೆಮ್ಮೆ ತಡೆಯಲಾರದೆ ಭಾವನಿಗೆ ತೋರಿಸಲು ಮನೆಗೇ ತಂದೆ.

ಆ ಆಟದ ಹುಚ್ಚಿದ್ದ ಭಾವ ತಲೆಯ ಮೇಲೆ ಕೈ ಹೊತ್ತರು.

“ಏನಯ್ಯಾ ಮಾಡ್ಬಿಟ್ಟೆ! ಅದು ಹಾಳಾಗಿದ್ದಲ್ಲ ಕಣೋ. ಬಾಲು ಒಳಗೆ ಸಿಕ್ಕೊಳ್ದೆ ತಕ್ಷಣ ಎಸೆಯೋ ಕೈಗೆ ಬರ್ಲಿ ಅಂತ ಹತ್ತು ವರ್ಷ ಬಡ್ದು ಬಡ್ದು ಚಪ್ಪಟೆ ಮಾಡ್ಕೊಂಡಿದ್ದು!”

“ಈಗೇನ್ ಮಾಡ್ಲಿ ಭಾವ?”

“ಲೇಸ್ ಚೇಂಜ್ ಮಾಡಿದ್ರೆ ಹಂಗೇ ಆಗತ್ತೆ ಸಾರ್ ಅಂದ್ಬಿಡು.”

ಅಡುಗೆಮನೆಯಿಂದಲೇ ಅಕ್ಕ, “ಹೂಂ, ಹಂಗೇ ಹೇಳು. ಆಮೇಲೆ ನಿನ್ ಕೈಕೆಲಸದ ಬಗ್ಗೆ ನಮ್ಮ ಹತ್ರ ಜಂಬ ಕೊಚ್ಕೋಬೇಡ” ಎಂದಳು.

ಬೆಳಿಗ್ಗೆ ಮೆತ್ತೆಯನ್ನೆಲ್ಲ ತೆಗೆದು ಮತ್ತೆ ಹೊಲಿದೆ. ಚರ್ಮ ಹಳೆಯ ಆಕಾರಕ್ಕೆ ಬರಲಿಲ್ಲ. ಅವರು ಬಂದಾಗ, ಬಂದಷ್ಟು ಇಂಗ್ಲಿಷಿನಲ್ಲಿ, ತಪ್ಪು ನನ್ನದು ಎಂದೆ. ಅವರು ಗ್ಲೌಸಿಗೆ ಕೈ ಹಾಕಿ, ತೆರೆದು ಮುಚ್ಚಿ, ಮತ್ತೆ ತೆರೆದು ನೋಡಿದರು... ಇಪ್ಪತ್ತು ವರ್ಷ ದುಡಿದು ನಾನು ಗಳಿಸಿದ ಹೆಸರು ಇವತ್ತಿಗೆ ಮುಗಿಯಿತು ಅಂದುಕೊಂಡೆ.

“ಬಾ ಹೊರಗೆ” ಎಂದರು. ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡು ಕೊಟ್ಟು, ಗ್ಲೌಸು ಪಳಗುವವರೆಗೆ ಜೋರಾಗಿ ಎಸೆಯುತ್ತಿರು ಎಂದರು. ಅವರು ವಾಪಸ್ಸು ಎಸೆದದ್ದನ್ನು ನಾನು ಕ್ರಿಕೆಟ್ಟಿನವರ ಹಾಗೆ ಬರಿಗೈಯಲ್ಲಿ ಹಿಡಿದೆ. ಅಂಗೈ ಉರಿದುಹೋಯಿತು.

“ಹುಚ್ಚನೇನಯ್ಯಾ ನೀನು!” ಎಂದು ಬಿದ್ದು ಬಿದ್ದು ನಕ್ಕರು. ಎಸೆಯುತ್ತಲೇ ಹೇಳಿದರು: “ನಮ್ಮ ಆಟದಲ್ಲಿ ತಪ್ಪು ಮಾಡಿದ್ರೆ ಸ್ಕೋರ್ ಬೋರ್ಡಿನ ಮೇಲೆ ಹಾಕ್ತಾರೆ, ಇಡೀ ಊರಿಗೆ ಕಾಣೋ ಹಾಗೆ. ನನ್ನ ಹೆಸರಲ್ಲಿ ನೂರಾರಿವೆ. ನಿನ್ನದು ಒಂದು ತಾನೇ?”

ಸಂಜೆ ಟಿವಿಯಲ್ಲಿ ನೋಡಿದೆವು. ಮೂರು ಚೆಂಡು ಸೊಗಸಾಗಿ ಹಿಡಿದರು. ನಾಲ್ಕನೆಯದು ಗ್ಲೌಸಿನಿಂದ ಪುಟಿದು ಬಿತ್ತು. ಬೋರ್ಡಿನ ಮೇಲೆ ತಪ್ಪು ಒಂದು. ಭಾವ ನನ್ನ ಕಡೆ ತಿರುಗಲೇ ಇಲ್ಲ. ಸದ್ಯ, ತಂಡ ಗೆದ್ದಿತು.

ಮುಂದಿನ ವಾರ ಅವರು ಸವೆದ ಬೂಟು ಹಿಡಿದು ಬಂದರು. “ಆ ತಪ್ಪಿನಲ್ಲಿ ಅರ್ಧ ನಿನ್ನದು. ಬೋರ್ಡಿನವರಿಗೆ ಅರ್ಧ ಬರೆಯೋಕೆ ಬರಲ್ಲ, ಅದಕ್ಕೆ ಪೂರ್ತಿ ನಾನೇ ಇಟ್ಕೊಂಡೆ” ಎಂದರು. ಆಮೇಲೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹಿಡಿದ ಚೆಂಡುಗಳ ಜೊತೆಗೆ ಬಿಟ್ಟ ಚೆಂಡುಗಳ ಲೆಕ್ಕವನ್ನೂ ಪೇಪರಿನವರು ಹಾಕಿದ್ದರು. ಬೆರಳಿಟ್ಟು ಓದಿದೆ, ಕಣ್ಣು ಮಂಜಾಯಿತು...

ಇಂದು ನನಗಿರುವುದು ಸ್ವಂತ ಅಂಗಡಿ ಒಂದು, ಹೊಲಿಗೆ ಯಂತ್ರ ಎರಡು, ಕೆಲಸಗಾರರು ಮೂವರು. ಮತ್ತೆ, ಅವರ ಲೆಕ್ಕದಲ್ಲಿ ಸೇರಿಹೋಗಿರುವ ಆ ಅರ್ಧ ತಪ್ಪು.