ಕೆಂಪು ಸುತ್ತು ಬೀಳದ ಸಾಲು

ಗಣಿತ ಪದವಿಯ ಸಂಯೋಜಕಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಗಂಟೆ ಮೇಡಂ’. ಯಾವ ಗಂಟೆಗೆ ಯಾವ ಕೋಣೆಯಲ್ಲಿ ಯಾವ ಪಾಠ ಎಂದು ಯಾರು ಕೇಳಿದರೂ ತಲೆ ಎತ್ತದೆ ಹೇಳುತ್ತಿದ್ದಳು. “ಮಂಗಳವಾರ ಹನ್ನೊಂದಕ್ಕೆ ಇಪ್ಪತ್ನಾಲ್ಕನೇ ಕೋಣೆ ಖಾಲಿ ಇದ್ಯಾ ಮೇಡಂ?” ಎಂದರೆ, “ಖಾಲಿ ಇದೆ, ಆದ್ರೆ ಫ್ಯಾನ್ ತಿರುಗಲ್ಲ” ಎಂಬ ಉತ್ತರ ಬರುತ್ತಿತ್ತು. ವಿಭಾಗದಲ್ಲಿ ಗಣಿತ ಕಲಿಸುವವರು ಹದಿನಾಲ್ಕು ಮಂದಿ. ಗಣಿತವನ್ನು ನಡೆಸುವವಳು ಅವಳೊಬ್ಬಳೇ. ಒಂದು ಕಾಲಕ್ಕೆ ಅವಳೂ ಕಲಿಸುತ್ತಿದ್ದಳು. ಸಂಯೋಜಕಿಯಾಗಿ ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಪಾಠದ ಸೀಮೆಸುಣ್ಣ ಕೈಯಿಂದ ಜಾರಿ, ವೇಳಾಪಟ್ಟಿಯ ಪೆನ್ನು ಬೆರಳಿಗೆ ಅಂಟಿಕೊಂಡಿತ್ತು. ಕಲನಶಾಸ್ತ್ರ ಮುಗಿಸದೆ ವಿಶ್ಲೇಷಣೆಗೆ ಸೇರಲು ಬಂದವರನ್ನು ತಡೆಯುವುದು, ಹಾಜರಾತಿ ಕಡಿಮೆಯಾದವರ ಅಪ್ಪಂದಿರ ಗೋಳು ಕೇಳುವುದು, ಒಂದೇ ಕೋಣೆಗೆ ಜಗಳಾಡುವ ಇಬ್ಬರು ಪ್ರಾಧ್ಯಾಪಕರನ್ನು ಬೇರೆ ಬೇರೆ ಮಹಡಿಗೆ ಹಾಕುವುದು, ಇವೇ ಅವಳ ದಿನಗಳಾಗಿದ್ದವು.

ಆ ವರ್ಷ ಬೇಸಿಗೆಯ ರಜೆಯಲ್ಲಿ, ಕಚೇರಿ ಮಾತ್ರ ತೆರೆದಿದ್ದಾಗ, ಅವಳ ತಮ್ಮ ತೀರಿಕೊಂಡ. ಬೆಳಗ್ಗೆ ಬೂಟಿನ ದಾರ ಕಟ್ಟಲು ಕುರ್ಚಿಯ ಮೇಲೆ ಕೂತವನು ಏಳಲಿಲ್ಲ. ವಯಸ್ಸು ನಲವತ್ತಾರು. ಆಸ್ಪತ್ರೆಯ ಕಾಗದಗಳಿಗೆ ಅವಳೇ ಸಹಿ ಹಾಕಿದಳು, ಬಂದವರಿಗೆ ಕುರ್ಚಿ ಹಾಕಿದಳು, ತಾಯಿಯನ್ನು ಮಲಗಿಸಿದಳು. ರಜೆಯ ಅರ್ಜಿಯಲ್ಲಿ ‘ನಾಲ್ಕು ದಿನ, ಕಾರಣ ವೈಯಕ್ತಿಕ’ ಎಂದು ಬರೆದಿದ್ದಳು. ಐದನೆಯ ದಿನ ಕಚೇರಿಗೆ ಬಂದಳು. ಯಾರಿಗೂ ಏನೂ ಹೇಳಲಿಲ್ಲ. ಕಣ್ಣೀರೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ನೆಲ ಮುಟ್ಟಿದ್ದು ಗೊತ್ತಾಗುತ್ತದೆ, ನೆಲದ ತಂಪು ಗೊತ್ತಾಗುವುದಿಲ್ಲ. ಅವಳಿಗೆ ಎಲ್ಲವೂ ಹಾಗಾಗಿತ್ತು.

ಮನೆಯಲ್ಲಿ ತಾಯಿ ರೇಗುತ್ತಿದ್ದರು. “ನಿನ್ನ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಗೋಡೆಗೆ ಮೊಳೆ ಹೊಡೆದ್ರೆ ಸದ್ದಾದ್ರೂ ಬರುತ್ತೆ.”

“ಊಟ ಮಾಡಮ್ಮ,” ಎನ್ನುತ್ತಿದ್ದಳು ಮಗಳು.

ಸೆಮಿಸ್ಟರ್ ಶುರುವಾದ ಮೊದಲ ವಾರ ದರ್ಜಿ ಬಂದಳು. ಅವಳೂ ಅಲ್ಲಿಯ ವಿದ್ಯಾರ್ಥಿನಿಯೇ. ವಯಸ್ಸು ನಲವತ್ತು ದಾಟಿದೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆಯ ಅಂಗಡಿ ಇದೆ, ವರ್ಷಕ್ಕೆ ಎರಡೋ ಮೂರೋ ವಿಷಯ ಬರೆಯುತ್ತ ಪದವಿಯನ್ನು ಹೊಲಿಗೆಯ ಹಾಗೆ ಅಷ್ಟಷ್ಟೇ ಮುಂದೆ ತಳ್ಳಿಕೊಂಡು ಬಂದವಳು. ಒಂಬತ್ತು ವರ್ಷದೊಳಗೆ ಮುಗಿಸಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮ. ಇದು ಒಂಬತ್ತನೆಯ ವರ್ಷ. ಉಳಿದಿದ್ದುದು ಒಂದೇ ವಿಷಯ, ಅಮೂರ್ತ ಬೀಜಗಣಿತ. ವರ್ಷ ಬಿಟ್ಟು ವರ್ಷ ಮಾತ್ರ ನಡೆಯುವ ಪಾಠ ಅದು.

“ಮೇಡಂ, ನೋಟಿಸ್ ಬೋರ್ಡಿನಲ್ಲಿ ನನ್ನ ಪಾಠಾನೇ ಕಾಣ್ತಿಲ್ಲ. ಕಣ್ಣು ಮಂಜಾಯ್ತೋ, ಬೋರ್ಡು ಮಂಜಾಯ್ತೋ?”

“ಇರುತ್ತೆ, ನೋಡ್ತೀನಿ,” ಎಂದು ಸಂಯೋಜಕಿ ಕಡತ ತೆಗೆದಳು.

ಆರಕ್ಕಿಂತ ಕಡಿಮೆ ಮಂದಿ ಹೆಸರು ಕೊಟ್ಟ ವಿಷಯ ಪಟ್ಟಿಯಿಂದ ತಾನಾಗಿ ಉದುರಿಹೋಗುತ್ತದೆ. ಉಳಿಸಬೇಕಾದರೆ ಸಂಯೋಜಕಿ ಅದರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕಾರಣ ಬರೆದು ಕಳಿಸಬೇಕು. ಪ್ರತಿವರ್ಷ ಇಂಥ ಮೂರು ನಾಲ್ಕು ಸುತ್ತುಗಳನ್ನು ಅವಳು ಹಾಕುತ್ತಿದ್ದಳು. ಈ ವರ್ಷದ ಪಟ್ಟಿಯಲ್ಲಿ ಬೀಜಗಣಿತಕ್ಕೆ ಐವರ ಹೆಸರಿತ್ತು. ಆ ಸಾಲಿನ ಸುತ್ತ ಏನೂ ಇರಲಿಲ್ಲ. ಪುಟದ ಕೆಳಗೆ ಅವಳ ಸಹಿ ನೆಟ್ಟಗೆ, ಅಂದವಾಗಿ ಇತ್ತು. ತಾರೀಖು ಅವಳು ರಜೆಯಿಂದ ಮರಳಿದ ದಿನದ್ದು. ಆ ದಿನ ಆ ಪಟ್ಟಿ ನೋಡಿದ ನೆನಪೇ ಅವಳಿಗಿಲ್ಲ. ಕೈ ಸಹಿ ಹಾಕಿತ್ತು, ಅಷ್ಟೆ.

ಉಳಿದ ನಾಲ್ವರು ಆಗಲೇ ಬೇರೆ ವಿಷಯಕ್ಕೆ ಸರಿದಿದ್ದರು. ಬೇರೆ ದಾರಿ ಇಲ್ಲದವಳು ಇವಳೊಬ್ಬಳೇ.

“ನಾಳೆ ಬನ್ನಿ,” ಎಂದಳು ಸಂಯೋಜಕಿ.

ದರ್ಜಿ ಅವಳ ಮುಖವನ್ನೇ ನೋಡಿದಳು. “ಈ ಸಲ ಆಗದಿದ್ರೆ ಒಂಬತ್ತು ವರ್ಷ ನೀರಲ್ಲಿ ಹೋಮ ಮೇಡಂ. ಗೊತ್ತಲ್ಲ?”

“ಗೊತ್ತು.”

ವಿಭಾಗದ ಮುಖ್ಯಸ್ಥರು ಒಳ್ಳೆಯವರೇ. ಯಾವ ಗಂಟನ್ನಾದರೂ ಬಿಚ್ಚುವುದಕ್ಕಿಂತ ಕತ್ತರಿಸುವುದು ಅವರಿಗೆ ಇಷ್ಟ. “ಆಯಮ್ಮ ಮೊದಲು ಸಂಖ್ಯಾಶಾಸ್ತ್ರದ್ದೊಂದು ಹೆಚ್ಚುವರಿ ಪೇಪರ್ ಬರೆದಿದ್ದಾರಲ್ಲ. ಅದೇ ಇದಕ್ಕೆ ಸಮ ಅಂತ ಒಂದು ಸಹಿ ಹಾಕಿ. ಯಾರು ನೋಡ್ತಾರೆ?”

“ಒಂದು ಸಲ ನೋಡಿದ್ರು ಸರ್. ಒಬ್ಬ ಹುಡುಗನಿಗೆ ಡಿಗ್ರಿ ಕೊಟ್ಟು ನಾಲ್ಕು ವರ್ಷ ಆದ್ಮೇಲೆ ವಾಪಸ್ ತಗೊಂಡ್ರು. ಆ ಹುಡುಗನ ಕೆಲಸ ಹೋಯ್ತು.”

“ಮತ್ತೆ ಏನ್ಮಾಡ್ತೀರಿ?”

“ತಪ್ಪು ನಂದು ಅಂತ ವಿಶ್ವವಿದ್ಯಾಲಯದ ಸಮಿತಿಗೆ ಬರೀತೀನಿ.”

“ನಿಮ್ಮ ಕಾಲ ಮೇಲೆ ನೀವೇ ಚಪ್ಪಡಿ ಎಳ್ಕೋತೀರಾ? ವಯಸ್ಸಲ್ಲಿ ಚಿಕ್ಕವರಾಗಿದ್ರೆ ಹುಡುಗಾಟ ಅನ್ನಬಹುದಿತ್ತು.”

ಚಪ್ಪಡಿ ಬಿದ್ದರೂ ನೋವು ತಿಳಿಯದ ಕಾಲು ಅದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಧೈರ್ಯದಿಂದೇನೂ ಅವಳು ಬರೆಯಲಿಲ್ಲ. ಹೆದರುವುದಕ್ಕೂ ಒಳಗೆ ಏನಾದರೂ ಅಲ್ಲಾಡಬೇಕು. ಪತ್ರದಲ್ಲಿ ಮೂರೇ ವಾಕ್ಯ: ಗುರುತು ಹಾಕಬೇಕಿತ್ತು, ಹಾಕಲಿಲ್ಲ, ಇದರಲ್ಲಿ ವಿದ್ಯಾರ್ಥಿನಿಯ ತಪ್ಪಿಲ್ಲ. ಕಾರಣ ಬರೆಯಲಿಲ್ಲ.

ಎರಡು ವಾರದ ಮೇಲೆ ಉತ್ತರ ಬಂತು. ಸಂಯೋಜಕಿಯ ಸೇವಾ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ. ಪಾಠ ನಡೆಸಬಹುದು, ಆದರೆ ಬೇರೆ ಯಾವ ಅಧ್ಯಾಪಕರ ಸಮಯವನ್ನೂ ಕೇಳುವಂತಿಲ್ಲ, ಅವಳೇ ಕಲಿಸಬೇಕು. ಪರೀಕ್ಷೆಯ ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಎರಡೂ ಹೊರಗಿನವರದು.

“ನೀವು ಕಲಿಸ್ತೀರಾ?” ಎಂದು ಕೇಳಿದ ದರ್ಜಿಯ ದನಿಯಲ್ಲಿ ಅಪನಂಬಿಕೆ ಇತ್ತು. ಮುಚ್ಚಿಡಲು ಅವಳು ಪ್ರಯತ್ನಿಸಲೂ ಇಲ್ಲ.

“ಏಳು ವರ್ಷ ಆಯ್ತು ಕಲಿಸಿ. ಕತ್ತರಿ ತುಕ್ಕು ಹಿಡಿದಿದೆ.”

“ತುಕ್ಕು ಕತ್ತರೀಲಿ ನನ್ನ ಬಟ್ಟೆ ಕತ್ತರಿಸ್ತೀರಿ ಅನ್ನಿ.”

“ಬೇರೆ ದರ್ಜಿ ಸಿಗಲ್ಲ.”

ದರ್ಜಿ ಜೋರಾಗಿ ನಕ್ಕಳು. ಸಂಯೋಜಕಿ ನಗಲಿಲ್ಲ, ಆದರೆ ‘ಬೆಳಗ್ಗೆ ಏಳಕ್ಕೆ, ಅಂಗಡಿ ತೆಗೆಯುವ ಮೊದಲು, ಮೂರನೇ ಮಹಡಿಯ ಸಣ್ಣ ಕೋಣೆ’ ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

ಮೊದಲ ತಿಂಗಳು ಪಾಠ ಒಣಗಿದ ಹಲಗೆಯ ಹಾಗಿತ್ತು. ಹಳೆಯ ಟಿಪ್ಪಣಿ ನೋಡಿ ಬರೆಯುವಳು, ಒರೆಸುವಳು, ಮತ್ತೆ ಬರೆಯುವಳು. ದರ್ಜಿ ಸುಮ್ಮನಿರುವ ಜಾತಿಯಲ್ಲ. ಅರ್ಥವಾಗದ ಕಡೆ “ನಿಲ್ಲಿ ನಿಲ್ಲಿ” ಎನ್ನುವಳು. ಒಂದು ದಿನ ಸಂಯೋಜಕಿ, ಯಾವುದೇ ಸೀಮಿತ ಗ್ರೂಪಿನ ಗಾತ್ರವನ್ನು ಅದರ ಉಪಗ್ರೂಪಿನ ಗಾತ್ರ ಶೇಷವಿಲ್ಲದೆ ಭಾಗಿಸುತ್ತದೆ ಎಂದು ಬರೆದಳು. ದರ್ಜಿ ತುಂಬ ಹೊತ್ತು ಹಲಗೆ ನೋಡಿದಳು.

“ಅಂದ್ರೆ, ಒಂದು ತುಂಡಿನ ಅಳತೆ ಹಿಡಿದು ಇಡೀ ಬಟ್ಟೆ ಕತ್ತರಿಸ್ತಾ ಹೋದ್ರೆ ಚಿಂದಿ ಉಳಿಯಲ್ಲ ಅಂತ.”

“ಹೌದು.”

“ಸರಿ. ತುಂಡು ಒಂದರ ಮೇಲೊಂದು ಬೀಳಲ್ಲ ಅಂತ ಏನ್ ಗ್ಯಾರಂಟಿ?”

ಅದೇ ಆ ಪ್ರಮೇಯದ ಜೀವ. ಪುಸ್ತಕ ಅದನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಸಂಯೋಜಕಿ ಟಿಪ್ಪಣಿಯನ್ನು ಮೇಜಿನ ಮೇಲೆ ಮಗುಚಿ ಹಾಕಿದಳು. “ಬೀಳುತ್ತೆ ಅಂತಾನೇ ಇಟ್ಕೊಳ್ಳಿ. ಎರಡು ತುಂಡಿಗೂ ಸೇರಿದ ಒಂದು ನೂಲು ಇದೆ ಅಂದ್ಕೊಳ್ಳಿ...” ಎಂದು ಶುರು ಮಾಡಿ, ಆ ಒಂದು ನೂಲು ಹಿಡಿದರೆ ಎರಡೂ ತುಂಡು ಒಂದೇ ಆಗಿಬಿಡುತ್ತದೆ ಎಂಬಲ್ಲಿಗೆ ತಂದು ನಿಲ್ಲಿಸಿದಾಗ ಎಂಟೂಕಾಲು. ಅಂದು ದರ್ಜಿಯ ಅಂಗಡಿ ತಡವಾಗಿ ತೆರೆಯಿತು. ಸಂಯೋಜಕಿಗೆ ಸಂತೋಷವಾಯಿತು ಎನ್ನುವುದು ಸುಳ್ಳು. ಆ ಒಂದೂಕಾಲು ಗಂಟೆ ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ; ಅದಷ್ಟೇ ನಿಜ. ಮೆಟ್ಟಿಲಿಳಿದು ಬರುವಷ್ಟರಲ್ಲಿ ಮತ್ತೆ ಅದೇ ಜೋಮು.

ಪರೀಕ್ಷೆ ಆಯಿತು. ಫಲಿತಾಂಶದ ಹಾಳೆ ಬಂದ ಮಧ್ಯಾಹ್ನ ದರ್ಜಿ, ಭುಜದ ಮೇಲಿನ ಅಳತೆಯ ಟೇಪನ್ನೂ ತೆಗೆಯದೆ, ಅಂಗಡಿಯಿಂದ ನೇರ ಬಂದು ಮೇಜಿನ ಎದುರು ನಿಂತಳು. ಉತ್ತೀರ್ಣರಾಗಲು ನಲವತ್ತು ಬೇಕು. ಅವಳಿಗೆ ಐವತ್ತೊಂದು ಬಂದಿತ್ತು. ಪದವಿಯ ಪರಿಶೀಲನಾ ಪಟ್ಟಿಯಲ್ಲಿ ಮೂವತ್ತಾರು ಸಾಲು. ಸಂಯೋಜಕಿ ಒಂದೊಂದಕ್ಕೂ ಸರಿ ಗುರುತು ಹಾಕುತ್ತ ಹೋದಳು. ದರ್ಜಿ ತುಟಿಯಲ್ಲೇ ಎಣಿಸುತ್ತಿದ್ದಳು.

“ಮುಗೀತಾ?”

“ಮುಗೀತು. ನೀವು ಪದವೀಧರೆ.”

ದರ್ಜಿ ಕುರ್ಚಿ ಎಳೆದು ಕೂತಳು. ಮೂಗೊರೆಸಿಕೊಂಡು, “ನಮ್ಮೆಜಮಾನ್ರು ಬೆಟ್ ಕಟ್ಟಿದ್ರು, ಆಗಲ್ಲ ಅಂತ. ಇನ್ಮೇಲೆ ಪಾತ್ರೆ ತೊಳೆಯೋ ಕೆಲಸ ಅವರದೇ,” ಎಂದಳು. ಆಮೇಲೆ ಮೇಜಿನ ಮೇಲೆ ಮೊಣಕೈ ಊರಿದಳು.

“ಮೇಡಂ, ಒಂದು ಕೇಳ್ಲಾ? ಬೇಜಾರಾದ್ರೆ ಬಿಡಿ.”

“ಕೇಳಿ.”

“ಇಷ್ಟು ವರ್ಷದಲ್ಲಿ ನೀವು ಒಂದು ಸಾಲೂ ತಪ್ಪಿಸಿಲ್ಲ ಅಂತಾರೆ ಎಲ್ರೂ. ನನ್ನ ಸಾಲೊಂದೇ ಹೇಗೆ ತಪ್ಪಿತು?”

ಅದರಲ್ಲಿ ಸಿಟ್ಟಿರಲಿಲ್ಲ. ಮರೆತೆ ಎನ್ನಲು ಸಂಯೋಜಕಿ ಬಾಯಿ ತೆರೆದಳು. ಎದುರಿಗಿರುವವಳು ಒಂಬತ್ತು ವರ್ಷ ಪಣಕ್ಕಿಟ್ಟವಳು. ಇವಳಿಗೆ ಅಷ್ಟು ಹೇಳಿದರೆ ಸಾಲದು ಅನ್ನಿಸಿತು.

“ಆ ವಾರ ನನ್ನ ತಮ್ಮ ತೀರಿಕೊಂಡ,” ಎಂದಳು. ಕೋಣೆಯ ಸಂಖ್ಯೆ ಹೇಳುವ ದನಿಯೇ.

ದರ್ಜಿ ಭುಜದ ಟೇಪು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಇಲ್ಲಿ ಯಾರಿಗೂ ಹೇಳ್ಲಿಲ್ವಾ?”

“ಯಾರೂ ಕೇಳ್ಲಿಲ್ಲ.”

“ಹೇಗಿದ್ದ?”

ಆ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಹೇಗೆ ಹೋದ ಎಂದು ನೆಂಟರೆಲ್ಲ ಕೇಳಿದ್ದರು.

“ಎತ್ತರ ಇದ್ದ. ಲೆಕ್ಕದಲ್ಲಿ ಸೊನ್ನೆ. ಏಳನೇ ಕ್ಲಾಸಿನ ಹೋಂವರ್ಕೆಲ್ಲ ನನ್ನ ಹತ್ರಾನೇ ಮಾಡಿಸ್ಕೊಂಡ. ಒಂದಿನ ಸಿಕ್ಕಿಬಿದ್ದ.”

“ಅಕ್ಷರದಿಂದಾ?”

“ಇಲ್ಲ. ಅದನ್ನ ಅವನೇ ನಕಲು ಮಾಡ್ಕೋತಿದ್ದ. ಒಂದೂ ತಪ್ಪಿರಲಿಲ್ಲ, ಅದಕ್ಕೆ.”

ದರ್ಜಿಗೆ ನಗು ತಡೆಯಲಾಗಲಿಲ್ಲ. ಸಂಯೋಜಕಿ ಅವಳು ನಗುವುದನ್ನೇ ನೋಡಿದಳು. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಬಾಗಿಲ ಬಳಿ ಅರ್ಜಿ ಹಿಡಿದ ವಿದ್ಯಾರ್ಥಿಯೊಬ್ಬ ಇಣುಕಿ, “ಮೇಡಂ, ಸಹಿ...” ಎಂದ.

“ಐದು ನಿಮಿಷ, ಹೊರಗೆ ಕೂತಿರಿ,” ಎಂದಳು ಅವಳು. ಮತ್ತೆ ದರ್ಜಿಯ ಕಡೆ ತಿರುಗಿ, “ಮೇಷ್ಟ್ರು ಮನೆಗೇ ಬಂದ್ಬಿಟ್ರು,” ಎಂದು ಮುಂದುವರಿಸಿದಳು.