ಕಡಲೆಕಾಯಿ ಎಣ್ಣೆಯ ಬೆಟ್ಟಗಳು

ಆಗೆಲ್ಲ ಹುತ್ತೂರಿನ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುಗಳದೇ ದರ್ಬಾರು. ಅವು ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದು ಗಬಗಬ ಸೊಪ್ಪು ಮೇಯತೊಡಗಿದರೆ ವಾಸನೆ ಅವಕ್ಕೆ ಆಗದೆಂದು ನಮಗೆ ಊದುಬತ್ತಿ ಇಲ್ಲ, ಘಾಟಿನ ಒಗ್ಗರಣೆ ಇಲ್ಲ. ಹಸಿ ಸೊಪ್ಪಿನ ವಾಸನೆಯ ನಡುವೆ ಕೂತು ಮುದ್ದೆಗೆ ಸಪ್ಪೆ ಸಾರು ಉಣ್ಣುತ್ತಿದ್ದೆವು.

ಆ ಬೇಸಿಗೆಯಲ್ಲಿ ಅಪ್ಪನ ತಂಗಿ ಸರೋಜತ್ತೆಗೆ ಚಿತ್ರಕಲಾ ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ತಾನೇ ಅಚ್ಚು ತೆಗೆದ ಚಿತ್ರಗಳನ್ನು ಒಯ್ದು ತೋರಿಸಬೇಕು. ಅತ್ತೆ ಹಳೆಯ ದೇವರ ಪಟದ ಗಾಜು ಬಿಚ್ಚಿ, ಅದಕ್ಕೆ ಕಪ್ಪು ಇಂಕು ಬಳಿದು, ಬಟ್ಟೆಯಿಂದ ಒರೆಸಿ ಆಕಾಶ ಮಾಡುತ್ತಿದ್ದಳು. ಬೆಂಕಿಕಡ್ಡಿಯಿಂದ ಗೀರಿದರೆ ಹಿಪ್ಪುನೇರಳೆಯ ಸಾಲು. ಮೇಲೆ ಅಂಗೈಯಗಲದ ಕಾಗದ ಹಾಸಿ ಸೌಟಿನ ಬೆನ್ನಿನಿಂದ ಉಜ್ಜುವುದು ನನ್ನ ಕೆಲಸ. ಕಾಗದ ಎತ್ತಿದರೆ ನಮ್ಮೂರ ಬಂಡೆಬೆಟ್ಟ, ಕೆರೆ! ಒಂದು ಸಲ ಬಳಿದರೆ ಒಂದೇ ಒಳ್ಳೆಯ ಅಚ್ಚು. ಎರಡನೆಯದು ಮಬ್ಬು. ಅದನ್ನು ಅತ್ತೆ ಇದ್ದಿಲು, ಸೀಮೆಸುಣ್ಣದಿಂದ ತಿದ್ದಿದಾಗ ಅದೇ ಬೆಟ್ಟಕ್ಕೆ ಸಂಜೆಯಾಗುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಇಂಕು ಬಲು ಗಟ್ಟಿ. ಸೀಮೆಎಣ್ಣೆ ಬೆರೆಸಿ ತೆಳು ಮಾಡಿಕೊಳ್ಳಲು ಡ್ರಾಯಿಂಗ್ ಮೇಷ್ಟ್ರು ಹೇಳಿದ್ದರು. ಅಜ್ಜಿ ಬಿಟ್ಟಾಳೆಯೇ?

"ಏಮೇ ಸರೋಜಾ, ಹುಳ ಉಳೀಬೇಕೋ ಬೇಡ್ವೋ? ಹಿತ್ಲಲ್ಲಿ ಮುಟ್ಟಿದ್ರೂ ಆ ವಾಸ್ನೆ ಬಟ್ಟೇಲಿ ಅಂಟ್ಕೊಂಡು ಒಳಕ್ಕೆ ಬತ್ತದೆ!"

"ಆಯ್ತು ಬಿಡಮ್ಮ, ಕಡ್ಲೆಕಾಯಿ ಎಣ್ಣೆ ಹಾಕ್ಕೋತೀನಿ," ಎಂದಳು ಅತ್ತೆ.

ಚಿತ್ರಗಳೇನೋ ಚೆನ್ನಾಗಿ ಬಂದವು. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಒಂದೂ ಒಣಗಿಲ್ಲ. ಬೆಟ್ಟಗಳ ಸುತ್ತ ಎಣ್ಣೆ ಹಬ್ಬಿ, ಬೋಂಡಾ ಕಟ್ಟಿಕೊಟ್ಟ ಕಾಗದದಂತಾಗಿತ್ತು. ಎಣ್ಣೆ ಹೀರಲೆಂದು ನಾನು ರಾಗಿಹಿಟ್ಟು ತಂದು ಉದುರಿಸಿದೆ. ಅದು ಇಂಕಿಗೇ ಕಚ್ಚಿಕೊಂಡಿತು. ಅತ್ತೆ ತಿದ್ದಹೋದರೆ ಇದ್ದಿಲು ಜಾರಿತು, ಒತ್ತಿದರೆ ಕಾಗದ ಹರಿಯಿತು.

"ಅತ್ತೆ, ಬೇರೆ ತೆಗಿಯೋಣ."

"ಬಸ್ಸಿಗೆ ಹೊತ್ತಾಯ್ತು ಕಣೇ. ತೆಗೆದ್ರೂ ಒಣಗ್ಬೇಕಲ್ಲ?"

ಅಷ್ಟರಲ್ಲಿ ಒಳಗಿನಿಂದ ಅಪ್ಪ ಕೂಗಿದರು: "ಹುಳ ಹಣ್ಣಾಗವೆ, ಬರ್ರೇ ಎಲ್ರೂ!"

ಗೂಡು ಕಟ್ಟಲು ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಕೂಡಲೇ ಆಯ್ದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು. ಅತ್ತೆ ರಸ್ತೆಯತ್ತ ನೋಡಿದಳು, ಚಿತ್ರಗಳನ್ನು ನೋಡಿದಳು, ಕೈ ತೊಳೆದುಕೊಂಡು ಒಳಗೆ ಹೋದಳು. ಯಾರನ್ನು ಬೈಯುವುದು? ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅವಳು ಅಳಲಿಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಸಲ ಗೂಡು ಮಾತ್ರ ಬಂಗಾರದಂಥ ಗೂಡು.

ಈಗ ಆ ಮನೆಯಲ್ಲಿ ಹುಳುವೂ ಇಲ್ಲ, ಅಜ್ಜಿಯೂ ಇಲ್ಲ. ಬೆಟ್ಟದ ಅರ್ಧ ಜಲ್ಲಿಯಾಗಿ ಲಾರಿ ಹತ್ತಿ ಹೋಗಿದೆ. ಸರೋಜತ್ತೆ ಮದುವೆಯಾಗಿ ಹೋದ ವಕ್ಕಲೇರಿಯಲ್ಲಿ ಹಸು ಸಾಕಿಕೊಂಡಿದ್ದಾಳೆ. ಹೋದ ತಿಂಗಳು ಒಳ್ಳೆಯ ಇಂಕು, ದಪ್ಪನೆಯ ಕಾಗದ ಒಯ್ದು ಕೊಟ್ಟೆ. ಕಾಗದದ ಮೇಲೆ ಅಂಗೈ ಆಡಿಸಿದಳು.

"ಚೆನ್ನಾಗೈತೆ ಕಣೇ. ಈಗ ಮಾಡಿ ಯಾರ್ಗೆ ತೋರಿಸ್ಲಿ, ಹೇಳು?"

ನನಗೆ ತೋರಿಸು ಅತ್ತೆ, ಎನ್ನಬೇಕಿತ್ತು. ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂದು ಅವಳು ಕ್ಯಾನು ಎತ್ತಿಕೊಂಡು ಹೊರಟಳು.