ಗುಳ್ಳೆ ಎದ್ದ ಗಜ್ಜರಿ ಉಪ್ಪಿನಕಾಯಿ

“ಈ ಗುಳ್ಳಿ ನೋಡಿ ಕೆಟ್ಟೈತಿ ಅಂತ ಚೆಲ್ಲಬ್ಯಾಡ್ರಿ. ಹೊಟ್ಟಿಗೆ ಛಲೋ ಮಾಡೋ ಜೀವಾಣು ಇರೋದ ಇದರಾಗ.”

ನವನಗರದ ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಆಹಾರ ತಜ್ಞೆ, ಉಪ್ಪುನೀರಿನಲ್ಲಿ ಹುಳಿ ಬಂದ ಗಜ್ಜರಿಯ ಬಾಟಲಿ ಎತ್ತಿ ತೋರಿಸಿದಾಗ ನಾನು ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ. ಪಕ್ಕದಲ್ಲೇ ಅತ್ತೆ ಕುಳಿತಿದ್ದರು. ಹಿಂದಿನ ವಾರ ಅವರು ಊರಿಗೆ ಹೋಗಿದ್ದಾಗ, ಅವರೇ ಹಾಕಿಟ್ಟಿದ್ದ ಇಂಥದ್ದೇ ಗಜ್ಜರಿಯಲ್ಲಿ ಗುಳ್ಳೆ ಕಂಡು, ಕೆಟ್ಟಿತೆಂದು ಕರಿಬೇವಿನ ಗಿಡದ ಬುಡಕ್ಕೆ ಸುರಿದಿದ್ದೆ. ಮರಳಿ ಬಂದ ಅತ್ತೆ ಖಾಲಿ ಬಾಟಲಿಯನ್ನೂ ಗಿಡದ ಬುಡದಲ್ಲಿ ಬಿದ್ದಿದ್ದ ಹೋಳುಗಳನ್ನೂ ನೋಡಿ, ಬಾಟಲಿ ತೊಳೆದು ಬಿಸಿಲಿಗೆ ಇಟ್ಟಿದ್ದರು.

“ಉಪ್ಪು ಜಾಸ್ತಿ ಇರ್ತೈತಿ, ಊಟಕ್ಕ ಎರಡ ಹೋಳು ಸಾಕು. ನಿಮ್ಮೊಳಗ ಯಾರ್‍ಯಾರು ಮಾಡ್ತೀರಿ?” ಎಂದರು ತಜ್ಞೆ.

ಅತ್ತೆ ಎದ್ದು ನಿಂತರು. ನಾನು ತಲೆ ತಗ್ಗಿಸಿದೆ.

“ನಮ್ಮ ಮನ್ಯಾಗ ಮಾಡಿದ್ವಿರಿ. ಆದ್ರ ಅಷ್ಟೂ ಕರಿಬೇವಿನ ಗಿಡಕ್ಕ ಕುಡಿಸಿಬಿಟ್ವಿ. ಪಾಪ, ಅದಕ್ಕ ಪಚನ ಆಗ್ಲಿಲ್ರಿ, ಒಣಗಿ ನಿಂತೈತಿ.”

ಸಭೆಯೆಲ್ಲ ನಕ್ಕಿತು. ಚೆಲ್ಲಿದವಳು ಸೊಸೆ ಎಂದು ಅವರು ಹೇಳಲೇ ಇಲ್ಲ.

ಈಗ ಅಡುಗೆಮನೆಯ ಕಿಟಕಿಯಲ್ಲಿ ಹೊಸ ಬಾಟಲಿ ಇದೆ. ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡುವ ಕೆಲಸವನ್ನು ಅತ್ತೆ ನನಗೇ ಕೊಟ್ಟಿದ್ದಾರೆ. ಅದು ಬುಸ್ ಎಂದಾಗಲೆಲ್ಲ ಇಬ್ಬರೂ ಹೊರಗಿನ ಆ ಒಣ ಗಿಡ ನೋಡಿ ನಗುತ್ತೇವೆ.